ಮೂರು ಬೆರಳಿನ ಸೊಪ್ಪು

ಜನವರಿ 20, ಸೋಮವಾರ

ಒಂಬತ್ತು ಮೀನಿನ ತೊಟ್ಟಿಗಳ ತಳದ ಕಸ ಸೈಫನ್ ಮಾಡಿ ಮುಗಿಸುವಷ್ಟರಲ್ಲಿ ಹನ್ನೊಂದೂವರೆ. ಸೊಂಟ ಬಿದ್ದುಹೋಗಿದೆ. ಪೈಪಿನ ತುದಿ ಬಾಯಲ್ಲಿಟ್ಟು ಎಳೆಯುವಾಗ ಇವತ್ತೂ ಒಂದು ಗುಟುಕು ಒಳಗೆ ಹೋಯಿತು. ಹನ್ನೊಂದು ವರ್ಷದಿಂದ ಮೀನಿನ ಹೇಲು ಕುಡಿದು ನನಗಂತೂ ಇಮ್ಯುನಿಟಿ ಬಂದಿದೆ. ಆ ಮರಿಗಳಿಗೆ ಬರುತ್ತದೋ ಇಲ್ಲವೋ ದೇವರೇ ಬಲ್ಲ.

ನಿನ್ನೆ ಇವರು ಕೇಳಿದರು, "ಅಲ್ಲಾ ಕಣೇ, ಅಲ್ಲಿ ನೀನು ಮಾಡೋದಾದ್ರೂ ಏನು?" ಅಂತ. ಮದುವೆಯಾಗಿ ಎಂಟು ವರ್ಷ! ಬಟ್ಟೆ ಕತ್ತರಿಸುತ್ತಾ ಕೂತಿದ್ದವರ ಕೈಯಿಂದ ಚಾಕ್‌ಪೀಸು ಕಿತ್ತುಕೊಂಡು ಅವರ ಕತ್ತರಿಸುವ ಮೇಜಿನ ಮೇಲೇ ಬರೆದು ತೋರಿಸಿದೆ. ಕಡಲಕಳೆ ಒಣಗಿಸಿ, ಪುಡಿ ಮಾಡಿ, ಆಹಾರಕ್ಕೆ ಬೆರೆಸುತ್ತೇವೆ. ಒಂದು, ನಾಲ್ಕು, ಏಳನೇ ತೊಟ್ಟಿಗೆ ನೂರಕ್ಕೆ ಐದು ಪಾಲು ಕಳೆ. ಎರಡು, ಐದು, ಎಂಟಕ್ಕೆ ಹತ್ತು ಪಾಲು. ಮೂರು, ಆರು, ಒಂಬತ್ತಕ್ಕೆ ಬರೀ ಹಿಟ್ಟು — ಅದು ಕಂಟ್ರೋಲ್, ಹೋಲಿಸಿ ನೋಡಲು. ಎಂಟು ವಾರ ತಿನ್ನಿಸುತ್ತೇವೆ. ಆಮೇಲೆ ನೀರಿಗೆ ರೋಗಾಣು ಬಿಟ್ಟು ಎರಡು ವಾರ ಸಾವು ಎಣಿಸುತ್ತೇವೆ. ಕಳೆ ತಿಂದವು ಬದುಕಿ, ಬರೀ ಹಿಟ್ಟು ತಿಂದವು ಸತ್ತರೆ ನಾನು ಗೆದ್ದೆ.

"ಸಾಯಲಿ ಅಂತ ಕಾಯ್ತೀಯಾ?" ಅಂದರು.

ಹೌದು, ಕಾಯುತ್ತೇನೆ. ಮೇ ಬಂದರೆ ನನಗೆ ನಲವತ್ತು, ಇನ್ನೂ ಗುತ್ತಿಗೆ ನೌಕರಿ. ನಲವತ್ತು ದಾಟಿದವರಿಗೆ ಕಾಯಂ ಹುದ್ದೆ ಇಲ್ಲ. ಅರ್ಜಿಗೆ ಮಾರ್ಚ್ 31 ಕೊನೆ. ಅದರ ಜೊತೆ ನನ್ನ ಹೆಸರು ಮೊದಲಿರುವ, ಮುಖ್ಯಸ್ಥರ ಸಹಿಯಿರುವ ಒಂದು ಅಧ್ಯಯನ ಇರಲೇಬೇಕು. ಅದು ಇದೇ. ಬೇರೆ ಇಲ್ಲ, ಮುಂದೆಯೂ ಇರುವುದಿಲ್ಲ.

ಮೂರನೇ ತೊಟ್ಟಿಯ ಕಸ ಸ್ವಲ್ಪ ಹಸಿರಾಗಿ ಕಂಡಿತು. ಗೋಡೆಯ ಪಾಚಿ ಇರಬೇಕು. ನಾಳೆ ಉಜ್ಜಬೇಕು.

ಜನವರಿ 26, ಭಾನುವಾರ

ದೊಡ್ಡಮ್ಮನಿಗೆ ರಜೆ, ಹಾಗಾಗಿ ತಿನ್ನಿಸುವ ಪಾಳಿ ನನ್ನದು.

ದೊಡ್ಡಮ್ಮ ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರ ದೊಡ್ಡಮ್ಮ. ನಮ್ಮ ಮೀನು ಸಂಶೋಧನಾ ಕೇಂದ್ರದ ಹಾಸ್ಟೆಲ್ ಮೆಸ್ಸಿನಲ್ಲಿ ಇಪ್ಪತ್ತು ವರ್ಷ ಬಡಿಸಿದವರು. ಮೆಸ್ ಮುಚ್ಚಿದ ಮೇಲೆ ಅವರನ್ನು ಮೀನಿನ ಕಡೆಗೆ ಹಾಕಿದರು. ಈಗಲೂ ಫೀಡಿಂಗ್ ಅನ್ನುವುದಿಲ್ಲ, ಬಡಿಸುವುದು ಅಂತಲೇ ಅನ್ನುತ್ತಾರೆ. "ಬಡಿಸಿ ಬಂದೆ ಮೇಡಂ, ಐದನೇದು ಇವತ್ತು ಸರಿಯಾಗಿ ಉಣ್ಣಲಿಲ್ಲ." ಕಡಲಕಳೆ ಅವರ ಬಾಯಲ್ಲಿ ಸೊಪ್ಪು. ಕೈ ಮಾತ್ರ ಬಲು ಅಚ್ಚುಕಟ್ಟು, ತೊಟ್ಟಿಯ ಹೊರಗೆ ಒಂದು ಕಾಳು ಬೀಳುವುದಿಲ್ಲ.

ಒಂಬತ್ತನೇ ತೊಟ್ಟಿ ಮಾತ್ರ ಅವರ ಕೈಗಿಲ್ಲ. ಅದು ತೊಟ್ಟಿಗಳಿಗೆ ಗಾಳಿ ಊದುವ ಬ್ಲೋವರ್ ಹಿಂದೆ, ಮೂರು ಮೆಟ್ಟಿಲು ಮೇಲೆ, ಕಟ್ಟೆಯ ಮೇಲಿದೆ. ಯಾವ ಪುಣ್ಯಾತ್ಮ ಅಲ್ಲಿ ಕಟ್ಟಿಸಿದನೋ. ದೊಡ್ಡಮ್ಮನ ಮೊಣಕಾಲು ಆ ಮೆಟ್ಟಿಲಿಗೆ ಒಪ್ಪುವುದಿಲ್ಲ. ಅವರು ಅಳೆದು ಕಪ್ಪಿಗೆ ಹಾಕಿಕೊಡುತ್ತಾರೆ, ಪಂಪಿನವನು ಬ್ಲೋವರ್ ನೋಡಲು ಹತ್ತಿದಾಗ ಸುರಿದು ಬರುತ್ತಾನೆ.

ಇವತ್ತು ಒಂದು ತಮಾಷೆ. ಮೂರನೇ ತೊಟ್ಟಿಗೆ ಹನ್ನೆರಡು ಗ್ರಾಂ ಹಾಕಿದೆ. ಎರಡು ನಿಮಿಷದಲ್ಲಿ ಖಾಲಿ. ಆಮೇಲೂ ಮೂವತ್ತೂ ಮೀನು ಎಡಗಡೆ ಮೂಲೆಗೆ ಬಂದು, ಬಾಯಿ ಮೇಲೆತ್ತಿ ನಿಂತವು. ಇನ್ನೇನೋ ಬರಬೇಕು ಅನ್ನುವ ಹಾಗೆ. ಆರನೇದರಲ್ಲೂ ಅದೇ. ಒಂಬತ್ತನೇದರಲ್ಲಿ ಹಾಗಿಲ್ಲ, ತಿಂದು ಚದುರಿದವು. ಹೊಟ್ಟೆಬಾಕಗಳು!

ಫೆಬ್ರವರಿ 4, ಮಂಗಳವಾರ

ತೂಕದ ದಿನ. ತಲೆ ಕೆಟ್ಟಿದೆ.

ಮೂರು ಮತ್ತು ಆರರ ಮೀನು ಕಳೆ ತಿಂದವಕ್ಕಿಂತ ದಪ್ಪ! ಕಂಟ್ರೋಲು ಇವು, ಕಂಟ್ರೋಲಿನಲ್ಲಿ ಇರಬೇಡವೇ? ಒಂಬತ್ತು ಸೊರಗಿದೆ. ಬ್ಲೋವರಿನ ಸದ್ದಿಗೆ ಹೆದರಿ ತಿನ್ನುತ್ತಿಲ್ಲವೋ ಏನೋ. ಪಂಪಿನವನಿಗೆ ಹೇಳಿದೆ, ಬ್ಲೋವರ್ ಕೆಳಗೆ ರಬ್ಬರ್ ಹಾಕು ಅಂತ. "ರಬ್ಬರ್ ಇಲ್ಲ ಮೇಡಂ." ಹಳೇ ಟಯರ್ ತುಂಡು ಹಾಕು ಅಂದೆ. "ಟಯರೂ ಇಲ್ಲ ಮೇಡಂ." ನಿನ್ನ ಚಪ್ಪಲಿ ಹಾಕು ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಫೆಬ್ರವರಿ 7, ಶುಕ್ರವಾರ, ಸಂಜೆ

ಹೋದ ವರ್ಷದ ಕೆಲಸ ಅಚ್ಚಾಗಿ ಬಂತು. ರಕ್ತ ತೆಗೆದವಳು ನಾನು, ಸ್ಲೈಡ್ ನೋಡಿ ನೋಡಿ ಕಣ್ಣು ಕಳೆದುಕೊಂಡವಳು ನಾನು, ಇಂಗ್ಲಿಷ್ ತಿದ್ದಿದವಳೂ ನಾನೇ. ಮೇಲೆ ಐದು ಹೆಸರು, ಐದೂ ಕಾಯಂ ನೌಕರರದು. ನನ್ನದು ಕೊನೆಯ ಪುಟದ ಕೊನೆಯ ಸಾಲು — "ನೆರವು ನೀಡಿದವರಿಗೆ ಕೃತಜ್ಞತೆಗಳು". ಅಲ್ಲೂ ಇನಿಷಿಯಲ್ ತಪ್ಪು.

ಮುಖ್ಯಸ್ಥರ ಹತ್ತಿರ ಹೋದೆ. ನಾವೆಲ್ಲ ಅವರನ್ನು ಕರೆಯುವುದು ನೋಡೋಣ ಸಾಹೇಬರು ಅಂತ. ಏನು ಕೇಳಿದರೂ ಅದೇ ಒಂದು ಮಾತು. ಇನ್‌ವರ್ಟರ್ ಬೇಕು ಸಾರ್ — ನೋಡೋಣ. ಬೆಂಕಿ ಬಿದ್ದಿದೆ ಸಾರ್ ಅಂದರೂ ನೋಡೋಣ ಅಂದಾರು.

"ಸಾರ್, ಮುಂದಿನದರಲ್ಲಿ ನನ್ನ ಹೆಸರು ಮೊದಲು ಅಂತ ಹೇಳಿದ್ರಿ."

"ರಿಸಲ್ಟ್ ಬರಲಿ. ನೋಡೋಣ."

ಹೊರಗೆ ಬಂದಾಗ ಚಹಾ ಬಂದಿತ್ತು. ಕಾಯಂನವರಿಗೆ ಪಿಂಗಾಣಿ ಕಪ್ಪು, ನಮ್ಮಂಥವರಿಗೆ ಕಾಗದದ ಕಪ್ಪು. ಹನ್ನೊಂದು ವರ್ಷ ಕುಡಿದಿದ್ದೇನೆ, ಇವತ್ತು ಯಾಕೋ ಬೇಡವಾಯಿತು. ಸಿಂಕಿಗೆ ಚೆಲ್ಲಿದೆ. ದೊಡ್ಡಮ್ಮ ನೋಡುತ್ತಿದ್ದರು.

ಫೆಬ್ರವರಿ 24, ಸೋಮವಾರ

ಹತ್ತು ಪಾಲಿನ ಡಬ್ಬ ಖಾಲಿ!! ಇನ್ನೂ ಒಂದು ವಾರ ಬರಬೇಕಿತ್ತು. ನಾನೇ ಅಳೆದು ತುಂಬಿದ್ದು, ನಾಲ್ಕು ಕಿಲೋ ಐವತ್ತು ಗ್ರಾಂ. ಬರೀ ಹಿಟ್ಟಿನ ಡಬ್ಬದಲ್ಲಿ ಲೆಕ್ಕಕ್ಕೆ ಸರಿಯಾಗಿ ಉಳಿದಿದೆ, ಐದರದ್ದೂ ಸರಿ. ಹತ್ತು ಮಾತ್ರ ಮಂಗಮಾಯ.

ತಕ್ಕಡಿಯದೇ ತಪ್ಪು ಅಂತ ಸ್ಟೋರಿನವನ ಮೇಲೆ ಹಾರಿದೆ. ಅವನು ಬೊಟ್ಟಿನ ಸೈಜಿನ ತೂಕದ ಬಟ್ಟುಗಳ ಪೆಟ್ಟಿಗೆ ತಂದು ಒಂದೊಂದೇ ಇಟ್ಟು ತೋರಿಸಿದ. ಕೂದಲಷ್ಟೂ ವ್ಯತ್ಯಾಸವಿಲ್ಲ. "ಇಲಿ ಇರಬೇಕು ಮೇಡಂ" ಅಂದ. ಮುಚ್ಚಳ ತಿರುಗಿಸಿ ತೆಗೆದು, ತಿಂದು, ಮತ್ತೆ ಮುಚ್ಚಳ ಹಾಕುವ ಇಲಿ! ಮೈ ಪರಚಿಕೊಳ್ಳುವ ಹಾಗಾಯಿತು.

"ದೊಡ್ಡಮ್ಮ, ಎಲ್ಲಾದ್ರೂ ಚೆಲ್ಲಿಹೋಯ್ತಾ?"

"ನನ್ನ ಕೈಯಿಂದ ಅನ್ನ ಚೆಲ್ಲಿದ್ದು ಯಾವಾಗಮ್ಮ ನೋಡಿದೀಯಾ?" ಮೂತಿ ತಿರುಗಿಸಿ ಹೋದರು. ನಿಜ, ಚೆಲ್ಲುವ ಕೈ ಅಲ್ಲ. ಕೇಳಿದ್ದಕ್ಕೆ ನನಗೇ ನಾಚಿಕೆ.

ಉಳಿದ ಪುಡಿಯಲ್ಲಿ ಸಂಜೆಯವರೆಗೆ ಕೂತು ಹೊಸದು ಕಲಸಿದೆ. ಉಗುರಿನ ಸಂದಿಯೆಲ್ಲ ಹಸಿರು, ಮೈಯೆಲ್ಲ ಕಡಲ ವಾಸನೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಹೋಗಿ ನಿಂತುಕೊಂಡಳು.

ಮಾರ್ಚ್ 4, ಮಂಗಳವಾರ

ರೋಗಾಣು ಬಿಟ್ಟ ದಿನ. ಒಂಬತ್ತೂ ತೊಟ್ಟಿಗೆ ಒಂದೇ ಅಳತೆ. ನನ್ನ ಕೈಯಾರೆ.

ದೊಡ್ಡಮ್ಮ ಬಾಗಿಲಲ್ಲೇ ನಿಂತರು. "ಎಂಟು ವಾರ ಉಣ್ಣಿಸಿ ಈಗ ವಿಷ ಹಾಕೋದಾ?"

"ವಿಷ ಅಲ್ಲ ದೊಡ್ಡಮ್ಮ, ಕಾಯಿಲೆ. ಸೊಪ್ಪು ತಿಂದವು ತಡ್ಕೊಳ್ತಾವಾ ಅಂತ ನೋಡೋಕೆ."

"ತಿನ್ನದೇ ಇದ್ದವು?"

"ಅವು ಸಾಯ್ತವೆ. ಸತ್ರೇ ಗೊತ್ತಾಗೋದು."

ಅವರ ಮುಖ ಒಂಥರಾ ಆಯಿತು. ತಲೆ ಎತ್ತಿ ಬ್ಲೋವರಿನ ಕಡೆ ನೋಡಿದರು. "ಮೊದಲೇ ಹೇಳಬಾರದಾಗಿತ್ತಾ" ಅಂತ ಗೊಣಗಿದರು. ಏನು ಹೇಳಬೇಕಿತ್ತು ಇವರಿಗೆ? ನನಗೆ ಪುರುಸೊತ್ತಿರಲಿಲ್ಲ, ಲಾಗ್‌ಬುಕ್ ತುಂಬುತ್ತಿದ್ದೆ.

ಮಾರ್ಚ್ 7

ಒಂಬತ್ತರಲ್ಲಿ ಐದು. ಉಳಿದವುಗಳಲ್ಲಿ ಒಂದೋ ಎರಡೋ. ಶುರುವಾಯಿತು! ಖುಷಿಯಾಯಿತು. ಇವರಿಗೆ ಫೋನ್ ಮಾಡಿ "ಸಾಯ್ತಾ ಇವೆ!" ಅಂದೆ. ಅಂಗಡಿಯಲ್ಲಿ ಗಿರಾಕಿ ಇದ್ದರಂತೆ, ಸ್ಪೀಕರ್ ಹಾಕಿದ್ದರಂತೆ. ಗಿರಾಕಿ ಎದ್ದು ಹೋದರಂತೆ.

ಮಾರ್ಚ್ 9

ಒಂಬತ್ತರಲ್ಲಿ ಒಟ್ಟು ಹದಿನಾಲ್ಕು. ಸರಿ. ಮೂರರಲ್ಲಿ ನಾಲ್ಕು, ಆರರಲ್ಲಿ ಮೂರು. ಸಾಯ್ರೋ, ಯಾಕೆ ಸಾಯ್ತಿಲ್ಲ ನೀವು?

ಮಾರ್ಚ್ 12

ಮೂರು ಮತ್ತು ಆರು ಆರಾಮಾಗಿ ಈಜಿಕೊಂಡಿವೆ. ನನ್ನ ಕರ್ಮ.

ಮಾರ್ಚ್ 18, ಮಂಗಳವಾರ

ಮುಗಿಯಿತು. ಮೂವತ್ತಕ್ಕೆ ಎಷ್ಟು ಸತ್ತವು ಅಂತ ಬರೆದಿಡುತ್ತೇನೆ, ಇದರ ಮುಖ ಇನ್ನೊಮ್ಮೆ ನೋಡಲಾರೆ. ಐದು ಪಾಲಿನವು: ಎಂಟು, ಏಳು, ಒಂಬತ್ತು. ಹತ್ತು ಪಾಲಿನವು: ಏಳು, ಒಂಬತ್ತು, ಎಂಟು. ಕಂಟ್ರೋಲ್: ಮೂರನೇದರಲ್ಲಿ ಒಂಬತ್ತು. ಆರನೇದರಲ್ಲಿ ಎಂಟು. ಒಂಬತ್ತನೇದರಲ್ಲಿ ಇಪ್ಪತ್ತಮೂರು.

ಅಂದರೆ ಕಳೆ ತಿಂದರೂ ಒಂದೇ, ಬಿಟ್ಟರೂ ಒಂದೇ. ಒಂಬತ್ತು ಮಾತ್ರ ಏನೋ ಬೇರೆ ದರಿದ್ರ, ಬ್ಲೋವರಿನದೋ ಮೆಟ್ಟಿಲಿನದೋ. ನೀರಲ್ಲಿ ಹೋಮ ಮಾಡಿದ ಹಾಗೆ ಅನ್ನುತ್ತಾರಲ್ಲ, ಮೂರು ತಿಂಗಳು ನಾನು ಮಾಡಿದ್ದು ಅಕ್ಷರಶಃ ಅದನ್ನೇ. ಕಳೆಯ ಸೀಸನ್ ಮುಗಿದಿದೆ, ಮತ್ತೆ ಸಿಗುವುದು ಡಿಸೆಂಬರಿಗೆ. ಅಷ್ಟರಲ್ಲಿ ನಾನು ಮುದುಕಿ, ನಲವತ್ತು ವರ್ಷ ಏಳು ತಿಂಗಳಿನ ಮುದುಕಿ.

ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ. ಯಾರಿಗೂ ಕೇಳಿಸಿಲ್ಲ.

ಮಾರ್ಚ್ 19, ಬುಧವಾರ

ನೋಡೋಣ ಸಾಹೇಬರು ಇವತ್ತು ನೋಡೋಣ ಅನ್ನಲಿಲ್ಲ! ಹಾಳೆ ನೋಡಿದರು, ಕನ್ನಡಕ ತೆಗೆದರು.

"ಮೂರು, ಆರು ತೆಗೆದುಬಿಡಿ. ಗಾಳಿ ಪೈಪ್ ಕೈಕೊಟ್ಟಿತ್ತು ಅಂತ ಬರೀರಿ. ಒಂಬತ್ತರ ಮೂವತ್ತು ಮೀನನ್ನ ಹತ್ತತ್ತರ ಹಾಗೆ ಮೂರು ತೊಟ್ಟಿ ಅಂತ ತೋರಿಸಿ. ಚೆನ್ನಾಗಿ ಬರುತ್ತೆ."

"ಸಾರ್, ಪೈಪ್ ಸರಿಯಾಗೇ ಇತ್ತು."

"ಹುದ್ದೆ ನಿಮಗೆ ಬೇಕಾ, ಪೈಪಿಗೆ ಬೇಕಾ?"

ನಾಳೆ ಹೇಳ್ತೀನಿ ಸಾರ್ ಅಂದು ಬಂದೆ. ಬೇಡ ಅನ್ನಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ — ಬೇಡ ಅನ್ನಲಿಲ್ಲ.

ಮಾರ್ಚ್ 20, ಗುರುವಾರ, ಮಧ್ಯಾಹ್ನ

ಈಗಲೇ ಬರೆದಿಡಬೇಕು, ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ತೊಟ್ಟಿಗಳ ಮನೆಗೆ ಹೋದೆ. ದೊಡ್ಡಮ್ಮ ಒಂಬತ್ತನೇ ತೊಟ್ಟಿಯ ಎರಡನೇ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಬ್ರಷ್ಷು, ಬಕೆಟ್ಟು. ಖಾಲಿ ತೊಟ್ಟಿ ಉಜ್ಜಲು ಹತ್ತಿದ್ದಾರೆ, ಇಳಿಯಲಾಗದೆ ಕೂತಿದ್ದಾರೆ. ಕಣ್ಣು ಕೆಂಪಗಿತ್ತು. ಕಾಲು ನೋವಾ ಅಂತ ಕೇಳಿದೆ.

"ಈ ಹಾಳು ಕಾಲು ನೆಟ್ಟಗಿದ್ದಿದ್ರೆ ಇವೂ ಬದುಕ್ತಿದ್ವು."

"ಅಂದ್ರೆ?"

"ಕೆಳಗಿನವಕ್ಕೆ ಹಾಕ್ದೆ. ಇವಕ್ಕೆ ಹಾಕೋಕೆ ಆಗ್ಲಿಲ್ಲ. ಪಂಪಿನವನ ಕೈಲಿ ಕೊಟ್ರೆ ಊರಿಗೆಲ್ಲ ಡಂಗುರ ಹೊಡೀತಾನೆ."

"ಏನು ಹಾಕಿದ್ರಿ?"

"ಸೊಪ್ಪಿನ ಹಿಟ್ಟು. ಹತ್ತರ ಡಬ್ಬದಿಂದ. ಮೂರು ಬೆರಳಲ್ಲಿ ಬರುವಷ್ಟು, ಅಷ್ಟೇ."

"ಯಾವಾಗ?"

"ದಿನಾ. ಎರಡು ಹೊತ್ತೂ. ಮೂರಕ್ಕೂ ಆರಕ್ಕೂ."

ಹಸಿರು ಕಸ. ಮೂಲೆಗೆ ಬಂದು ಬಾಯಿ ಎತ್ತಿ ನಿಂತ ಮೀನು. ಖಾಲಿಯಾದ ಡಬ್ಬ. ಎಲ್ಲ ನನ್ನ ಕಣ್ಣೆದುರೇ ಇತ್ತು, ನಾನು ತಕ್ಕಡಿಯ ಜೊತೆ ಜಗಳವಾಡುತ್ತಿದ್ದೆ.

ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಬಾಳಿಗೆ ಮಣ್ಣು ಹಾಕಿದ್ರಿ, ಹೇಳಿದಷ್ಟು ಮಾಡೋಕೆ ಏನು ರೋಗ, ಕಂಪ್ಲೇಂಟ್ ಬರೆದು ಮನೆಗೆ ಕಳಿಸ್ತೀನಿ ನೋಡ್ತಾ ಇರಿ — ಎಲ್ಲಾ. ಪಂಪಿನವನು ಬಾಗಿಲಿಗೆ ಬಂದು ಹಾಗೇ ಹಿಂದೆ ಸರಿದ.

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಇಪ್ಪತ್ತು ವರ್ಷ ಬಡಿಸಿದೀನಿ ಕಣಮ್ಮ. ಒಬ್ಬರ ತಟ್ಟೆಗೆ ಪಲ್ಯ ಹಾಕಿ, ಪಕ್ಕದಲ್ಲಿ ಕೂತೋರಿಗೆ ಬರೀ ಅನ್ನ ಹಾಕಿ ಮುಂದಕ್ಕೆ ಹೋಗೋದು ನನಗೆ ಬರಲ್ಲ. ಪಂಕ್ತಿಭೇದ ಅದು. ಅವು ಬಾಯಿ ಬಿಟ್ಕೊಂಡು ನೋಡ್ತಿರ್ತವೆ. ನೋಡ್ಕೊಂಡು ಹೇಗೆ ಬರೋದು?"

"ಅದು ಪಂಕ್ತಿ ಅಲ್ಲ ದೊಡ್ಡಮ್ಮ! ಪ್ರಯೋಗ!"

"ನನಗೆ ಯಾರಮ್ಮ ಹೇಳಿದ್ರು? ಮೂರಕ್ಕೆ ಇದು, ಆರಕ್ಕೆ ಅದು ಅಂದ್ರಿ. ಯಾಕೆ ಅಂತ ಅಂದ್ರಾ?" ಬ್ರಷ್ಷು ಬಕೆಟ್ಟಿಗೆ ಹಾಕಿ, ಮೆಲ್ಲಗೆ: "ಅವತ್ತು ನೀನು ಚಹಾ ಚೆಲ್ಲಿದೆಯಲ್ಲ, ನೋಡಿದೆ ನಾನು. ನಿನಗಾದ್ರೆ ಸಂಕಟ, ಅವಕ್ಕೆ ಇಲ್ವಾ?"

ಇಳಿಯಲು ಕೈಯನ್ನೂ ಕೊಡಲಿಲ್ಲ. ಬಂದುಬಿಟ್ಟೆ.

ಅದೇ ದಿನ, 4 ಗಂಟೆ

ಸಿಟ್ಟಿನಲ್ಲಿ ಹೋಗಿ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. ಅವರ ಮುಖ ಅರಳಿತು.

"ಒಳ್ಳೇದೇ ಆಯ್ತಲ್ಲ! ಕಂಪ್ಲೇಂಟ್ ಬರೆದುಕೊಡಿ. ಕೆಲಸಗಾರ್ತಿಯ ಕರ್ತವ್ಯಲೋಪದಿಂದ ಮೂರು, ಆರು ಹಾಳಾದವು. ಪೈಪಿನ ಸುಳ್ಳೇ ಬೇಡ. ಒಂಬತ್ತನ್ನ ಮೂರು ಮಾಡಿ. ನಾನು ಸಹಿ ಹಾಕ್ತೀನಿ."

"ಅವರ ಕೆಲಸ?"

"ಹೋಗುತ್ತೆ."

ರಿಟೈರ್ ಆಗಲು ಇನ್ನು ಹದಿನಾಲ್ಕು ತಿಂಗಳು ಅಂತ ದೊಡ್ಡಮ್ಮ ಮೊನ್ನೆಯಷ್ಟೇ ಬೆರಳು ಮಡಚಿ ಎಣಿಸುತ್ತಿದ್ದರು.

ಬಿಳಿ ಹಾಳೆ ತಂದಿದ್ದೇನೆ. "ಗೆ, ಮುಖ್ಯಸ್ಥರು" ಅಂತ ಬರೆದಿದ್ದೇನೆ. ಮುಂದೆ ಹೋಗುತ್ತಿಲ್ಲ. ಹರಿದೂ ಹಾಕಿಲ್ಲ. ಈ ಹೆಂಗಸು ನನ್ನ ಹುದ್ದೆಯನ್ನು ಮೀನಿಗೆ ಬಡಿಸಿಬಿಟ್ಟಳು, ನಾನ್ಯಾಕೆ ಹಿಂದೆಮುಂದೆ ನೋಡಬೇಕು?

ಮಾರ್ಚ್ 23, ಭಾನುವಾರ

ಮೂರು ದಿನ ರಜೆ ಹಾಕಿ ಮನೆಯಲ್ಲೇ ಇದ್ದೆ. ಹಾಳೆ ಚೀಲದಲ್ಲೇ ಇದೆ.

ಇವರಿಗೆ ಎಲ್ಲ ಹೇಳಿದೆ. ಹೊಲಿಗೆ ನಿಲ್ಲಿಸಿದರು. ಅವರು ಮಿಷನ್ ನಿಲ್ಲಿಸಿದರೆ ವಿಷಯ ದೊಡ್ಡದು ಅಂತ ಅರ್ಥ.

"ಎಷ್ಟು ಹಾಕಿದಾರಂತೆ?"

"ಮೂರು ಬೆರಳಷ್ಟು. ಅದೂ ಒಂದು ಅಳತೆನಾ?"

"ಯಾಕಲ್ಲ?" ಮೇಜಿನ ಮೇಲೆ ಗೇಣು ಹಾಕಿ ತೋರಿಸಿದರು. "ನನ್ನ ಗೇಣು ಎಂಟು ಮುಕ್ಕಾಲು ಇಂಚು. ಟೇಪ್ ಮರೆತ ದಿನ ಇದರಲ್ಲೇ ಕತ್ತರಿಸ್ತೀನಿ, ಒಂದು ಕೋಟೂ ಹಾಳಾಗಿಲ್ಲ. ಇಪ್ಪತ್ತು ವರ್ಷ ಬಡಿಸಿದ ಕೈ ಅಂತೀಯಾ. ಅಳೆದು ನೋಡಿದೀಯಾ?"

ಇಲ್ಲ, ನೋಡಿಲ್ಲ. ಬೈದು ಬಂದಿದ್ದೇನೆ.

ಮಾರ್ಚ್ 24, ಸೋಮವಾರ

ದೊಡ್ಡಮ್ಮ ನನ್ನನ್ನು ಕಂಡು ಎದ್ದು ನಿಂತರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಬನ್ನಿ, ತಕ್ಕಡಿ ಹತ್ತಿರ."

"ಕಂಪ್ಲೇಂಟು..."

"ಬನ್ನಿ ಅಂದೆ."

ಹತ್ತರ ಡಬ್ಬ ತೆರೆದೆ. ಆ ತೊಟ್ಟಿಗಳಿಗೆ ಹಾಕುತ್ತಿದ್ದ ಹಾಗೇ ತೆಗೆದು ಹಾಕಿ ಅಂದೆ. ಅನುಮಾನದಿಂದ ನೋಡಿ, ಮೂರು ಬೆರಳು ಇಳಿಸಿ, ತೆಗೆದು ತಟ್ಟೆಗೆ ಹಾಕಿದರು. ಮೂರು ಗ್ರಾಂ. ಇನ್ನೊಂದು ಸಲ. ಮೂರು. ಇನ್ನೊಂದು. ಎರಡು ಪಾಯಿಂಟ್ ಒಂಬತ್ತು. ಇಪ್ಪತ್ತು ಸಲ ಹಾಕಿಸಿದೆ. ಒಂದು ಸಲವೂ ಕಾಲು ಗ್ರಾಂ ಆಚೀಚೆ ಆಗಲಿಲ್ಲ! ಸ್ಟೋರಿನವನು ಬಾಯಿ ತೆರೆದುಕೊಂಡು ನಿಂತುಬಿಟ್ಟ. ನನ್ನ ಕೈಯಲ್ಲಿ ಹಾಕಿ ನೋಡಿದೆ. ಎರಡು, ನಾಲ್ಕೂವರೆ, ಒಂದೂವರೆ. ಥೂ.

"ನಾನು ಹೆಚ್ಚುಕಮ್ಮಿ ಹಾಕ್ತೀನಿ ಅಂದ್ಕೊಂಡ್ರಾ? ಅದೂ ಪಂಕ್ತಿಭೇದಾನೇ" ಅಂದರು ದೊಡ್ಡಮ್ಮ, ಸ್ವಲ್ಪ ಜಂಬದಿಂದಲೇ.

ಹನ್ನೆರಡು ಗ್ರಾಂ ಬರೀ ಹಿಟ್ಟಿನ ಜೊತೆ ಮೂರು ಗ್ರಾಂ ಹತ್ತರದು. ಲೆಕ್ಕ ಹಾಕಿದೆ. ನೂರಕ್ಕೆ ಎರಡು ಪಾಲು ಕಳೆ. ವಾರಕ್ಕೆ ಆರು ದಿನ, ಭಾನುವಾರ ಬಿಟ್ಟು.

ಅಂದರೆ ಎರಡೇ ಪಾಲು ತಿಂದವೂ ಹತ್ತು ಪಾಲು ತಿಂದವಷ್ಟೇ ಬದುಕಿವೆ. ಹೌದು, ಒಟ್ಟು ಆಹಾರವೂ ಜಾಸ್ತಿ ಸಿಕ್ಕಿದೆ, ದಪ್ಪಗಾಗಿದ್ದು ಅದಕ್ಕೇ. ಒಂಬತ್ತು ಒಂದೇ ನಿಜವಾದ ಕಂಟ್ರೋಲ್, ಒಂದು ತೊಟ್ಟಿಯಿಂದ ಏನೂ ಸಾಬೀತಾಗುವುದಿಲ್ಲ. ಗೊತ್ತು, ಎಲ್ಲ ಗೊತ್ತು. ಆದರೂ ಇದರಲ್ಲಿ ಏನೋ ಇದೆ. ಹತ್ತು ಪಾಲಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ, ಇಷ್ಟು ಕಡಿಮೆಯಲ್ಲಿ ಆಗುತ್ತದಾ ಅಂತ ಕೇಳುವ ಯೋಚನೆ ನನಗೂ ಬಂದಿರಲಿಲ್ಲ.

ಬಿಳಿ ಹಾಳೆ ಹರಿದು ಹಾಕಿದೆ. ಹಸಿವಾಯಿತು. ನಾಲ್ಕು ದಿನದ ಮೇಲೆ ಸರಿಯಾಗಿ ಊಟ ಮಾಡಿದೆ.

ಮಾರ್ಚ್ 28, ಶುಕ್ರವಾರ

ವರದಿ ಹದಿನಾಲ್ಕು ಪುಟ. ನಡೆದದ್ದು ನಡೆದ ಹಾಗೆ. ಮೂರು ಬೆರಳು, ಇಪ್ಪತ್ತು ತೂಕ, ಮೂರು ಮೆಟ್ಟಿಲು, ಭಾನುವಾರ, ಎಲ್ಲ. ಲೋಪಕ್ಕೆ ಕಾರಣ ಅನ್ನುವ ಕಡೆ ಬರೆದೆ: "ಕಂಟ್ರೋಲ್ ತೊಟ್ಟಿ ಏಕೆ ಬೇಕು ಎಂಬುದನ್ನು ಆಹಾರ ನೀಡುವವರಿಗೆ ವಿವರಿಸದೇ ಇದ್ದುದು ಪ್ರಯೋಗ ನಡೆಸಿದವಳ ತಪ್ಪು." ಬರೆಯಲು ಮನಸ್ಸಿರಲಿಲ್ಲ, ಸುಳ್ಳಲ್ಲ. ಆದರೆ ಅದೇ ನಿಜ. ನಾಲ್ಕು ನಿಮಿಷದ ಮಾತಾಗಿತ್ತು. ಜನವರಿಯಲ್ಲಿ ಆ ನಾಲ್ಕು ನಿಮಿಷ ನನ್ನ ಹತ್ತಿರ ಇರಲಿಲ್ಲ.

ಮುಖ್ಯಸ್ಥರು ನಿಂತೇ ಓದಿದರು.

"ಇದು ರಿಪೋರ್ಟಾ, ತಪ್ಪೊಪ್ಪಿಗೆಯಾ? ಇದಕ್ಕೆ ನಾನು ಸಹಿ ಹಾಕಲ್ಲ."

"ಮುಂದಿನ ಸೀಸನ್ನಿಗೆ ಎರಡು ಪಾಲು ಇಟ್ಟು ಮತ್ತೆ ಮಾಡೋಣ ಸಾರ್. ಸರಿಯಾದ ಕಂಟ್ರೋಲ್ ಇಟ್ಟು."

"ಮುಂದಿನ ಸೀಸನ್ನಿಗೆ ನಿಮಗೆ ವಯಸ್ಸಾಗಿರುತ್ತೆ."

"ನನಗೆ ಆಗುತ್ತೆ ಸಾರ್. ಮೀನಿಗೆ ಆಗಲ್ಲ."

"ಸರಿ... ನೋಡೋಣ." ಹಾಳೆ ನನ್ನ ಕಡೆಗೇ ತಳ್ಳಿದರು.

ಹಾಗಾದರೆ ಹುದ್ದೆ ಹೋಯಿತು. ಇಲ್ಲಿ ಧೈರ್ಯದ ಮಾತು ಬರೆಯುವುದಿಲ್ಲ. ಬೇಕಿತ್ತು ನನಗೆ ಆ ಹುದ್ದೆ. ಪಿಂಗಾಣಿ ಕಪ್ಪು ಬೇಕಿತ್ತು. ಬಹಳ ಬೇಕಿತ್ತು.

ಮಾರ್ಚ್ 31, ಸೋಮವಾರ, ಬೆಳಿಗ್ಗೆ 7.10

ಅರ್ಜಿಯ ಕೊನೆಯ ದಿನ. ಹಾಕುತ್ತಿಲ್ಲ. ಸಹಿ ಇಲ್ಲದಿದ್ದರೂ ಆ ಹದಿನಾಲ್ಕು ಪುಟ ಒಂದು ವಿಜ್ಞಾನ ಪತ್ರಿಕೆಗಾದರೂ ಕಳಿಸೋಣ, ತಗೊಂಡರೆ ತಗೊಳ್ಳಲಿ, ಬಿಟ್ಟರೆ ಬಿಡಲಿ ಅಂತ ಕೂತೆ. ಇವರು ಕಾಫಿ ಇಟ್ಟು ಹೋದರು.

ಮೇಲೆ ನನ್ನ ಹೆಸರು. ಒಂದೇ ಹೆಸರು. ನೋಡಲು ಚೆನ್ನಾಗಿದೆ, ಇನಿಷಿಯಲ್ಲೂ ಸರಿ. ಒಂದು ನಿಮಿಷ ಸುಮ್ಮನೆ ನೋಡಿದೆ. ಕೊನೆಯ ಪುಟಕ್ಕೆ ಹೋಗಿ, ಕೃತಜ್ಞತೆ ಅಂತ ಬರೆದು, ಕೆಳಗೆ "ಆಹಾರ ನೀಡಲು ನೆರವಾದ ಸಿಬ್ಬಂದಿಗೆ" ಅಂತ ಬರೆದು ಫುಲ್‌ಸ್ಟಾಪ್ ಇಟ್ಟೆ.

ಇಟ್ಟ ಮೇಲೆ ಕಂಡಿತು, ನಾನು ಬರೆದದ್ದು ಏನು ಅಂತ.

ಎರಡು ಪಾಲು ಯಾರ ಯೋಚನೆ? ಮೂರು ಗ್ರಾಂ ಯಾರ ಕೈ? ನಲವತ್ತೆಂಟು ದಿನ ಸೊಂಟ ಬಗ್ಗಿಸಿ ಬಡಿಸಿದವರು ಯಾರು? ಅವರನ್ನು ತಂದು ಕೂರಿಸಿದ್ದೇನೆ ನಾನು, ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಕಾಗದದ ಕಪ್ಪು ಕೊಟ್ಟು. ಹೆಸರೂ ಇಲ್ಲದೆ! ನನಗೆ ಕೊನೇಪಕ್ಷ ತಪ್ಪು ಇನಿಷಿಯಲ್ ಆದರೂ ಇತ್ತು.

ಸಾಲು ಅಳಿಸಿದೆ. ಮೊದಲ ಪುಟಕ್ಕೆ ಬಂದು ನನ್ನ ಹೆಸರಿನ ಪಕ್ಕ ಕಾಮಾ ಹಾಕಿದೆ. ಅಲ್ಲೇ ಕೈ ನಿಂತಿತು. ಹನ್ನೊಂದು ವರ್ಷ, ದಿನಕ್ಕೆ ಹತ್ತು ಸಲ ದೊಡ್ಡಮ್ಮ ದೊಡ್ಡಮ್ಮ ಅಂದಿದ್ದೇನೆ. ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ. ಫೋನಿನಲ್ಲೂ "ದೊಡ್ಡಮ್ಮ ಮೀನು" ಅಂತಲೇ ಇದೆ.

ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು.

"ದೊಡ್ಡಮ್ಮ, ನಿಮ್ಮ ಪೂರ್ತಿ ಹೆಸರೇನು?"

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, ಬಹಳ ಮೆಲ್ಲಗೆ, "ಕಂಪ್ಲೇಂಟ್ ಬರೆಯೋಕಾಮ್ಮ?"

"ಅಲ್ಲ ದೊಡ್ಡಮ್ಮ. ಪಕ್ಕದಲ್ಲಿ ಕೂರಿಸೋಕೆ."

ಅರ್ಥವಾಯಿತೋ ಇಲ್ಲವೋ. ಯಾವ ಪಕ್ಕ ಅಂತ ಕೇಳಲಿಲ್ಲ. ಮಕ್ಕಳು ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಾರೆ. ಸ್ಪೀಕರ್ ಹಾಕಿದ್ದೇನೆ. ಇಲ್ಲೇ ಬರೆದುಕೊಳ್ಳುತ್ತೇನೆ, ತಪ್ಪಬಾರದು —